ದೋಣಿಯ ತಳಕ್ಕಿಟ್ಟ ಎಡೆ

ನಮ್ಮೂರ ಬಸ್ ನಿಲ್ದಾಣದ ಸೂರು ಒಂದು ಬೋರಲು ದೋಣಿ. ದನದ ಡಾಕ್ಟರ ಷೆಡ್ಡಿನ ಸೂರೂ ದೋಣಿಯೇ, ಪುಟ್ಟಕ್ಕನ ಹೋಟೆಲಿನ ಮುಂದಿನ ನೆರಳೂ ದೋಣಿಯೇ. ಅರ್ಧಕ್ಕೆ ಕುಯ್ದ ದೋಣಿಗಳಲ್ಲಿ ಎಮ್ಮೆಗಳು ನೀರು ಕುಡಿಯುತ್ತವೆ, ಉಳಿದರ್ಧದ ಕೆಳಗೆ ಕೋಳಿಗಳು ಕಾವು ಕೂರುತ್ತವೆ. ನಮ್ಮ ಕೆರೆಯಲ್ಲಿ ಒಮ್ಮೆ ನೀರಿನಿಂದ ಎತ್ತಿದ ದೋಣಿ ಮತ್ತೆ ತೇಲುವುದಿಲ್ಲ. ತೂತಿಲ್ಲದಿದ್ದರೂ, ನಿನ್ನೆ ಮೊನ್ನೆ ಮಾಡಿದ್ದೇ ಆದರೂ, ಎತ್ತಿ ಇಳಿಸಿದರೆ ಸುಮ್ಮನೆ ಕೆಳಗೆ ಹೋಗಿ ಕೂರುತ್ತದೆ. ಹೊರಗಿನಿಂದ ಬಂದ ಎಂಜಿನಿಯರೊಬ್ಬರು ಇದೆಲ್ಲ ಮೂಢನಂಬಿಕೆ ಎಂದು ತಮ್ಮ ದೋಣಿಯನ್ನು ದಡಕ್ಕೆಳೆದು ಮತ್ತೆ ನೀರಿಗೆ ನೂಕಿದ್ದರು. ಅದು ಮುಳುಗಿದ ಮೇಲೆ ನಾವು ಯಾರೂ ನಗಲಿಲ್ಲ. ಅವರಿಗೆ ಕಾಫಿ ಕುಡಿಸಿ ಬಸ್ಸು ಹತ್ತಿಸಿ ಬಂದೆವು.

ಹೀಗಾಗಿ ನಮ್ಮ ದೋಣಿಗಳು ಹುಟ್ಟಿದಂದಿನಿಂದ ಸಾಯುವವರೆಗೆ ನೀರಿನಲ್ಲೇ ಇರುತ್ತವೆ. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದಾಗ ಮನೆಮಂದಿಯೆಲ್ಲ ಸರದಿಯ ಮೇಲೆ ದಡದಲ್ಲಿ ಕೂತು, ದೋಣಿ ಕೆಸರಿಗೆ ತಾಗದಂತೆ ಒಳಕ್ಕೊಳಕ್ಕೆ ನೂಕುತ್ತಿರುತ್ತಾರೆ. ಮದುವೆ ಮಾತುಕತೆಗಳು ಹೆಚ್ಚಾಗಿ ಆಗುವುದು ಆಗಲೇ. ದೋಣಿಯ ತಳವನ್ನು ಜನ ನೋಡುವುದು ಎರಡೇ ಸಲ: ನೀರಿಗಿಳಿಸುವ ದಿನ ಅರಿಶಿನ ಕುಂಕುಮ ಹಚ್ಚುವಾಗ, ಮತ್ತೆ ಅದು ಸತ್ತ ದಿನ. ನಡುವಿನ ವರ್ಷಗಳಲ್ಲಿ ತಳ ಹೇಗಿದೆ ಎಂದು ಮುಳುಗಿ, ಕೈಯಾಡಿಸಿ ಹೇಳುವುದಕ್ಕೆ ಊರಿಗೊಬ್ಬ ಬೇಕು. ನಲವತ್ತೊಂದು ವರ್ಷ ಆ ಒಬ್ಬ ನಾನಾಗಿದ್ದೆ. ಹೆಸರು ಕೆಂಚಪ್ಪ. ಊರು ಕರೆಯುತ್ತಿದ್ದದ್ದು ಅಂಗೈ ಕೆಂಚಪ್ಪ ಎಂದು.

ದೋಣಿಗಳೆಲ್ಲ ಅಲ್ಯೂಮಿನಿಯಂನವು. ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಮಾತ್ರ ಸಿಹಿನೀರಿನಲ್ಲಿ ಮೈಮೇಲೊಂದು ಬೂದು ಪೊರೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಊರಿಗೆ ಹೊಸದಾಗಿ ಬಂದ ಸೊಸೆಯರು ಅದನ್ನು ಕೊಳೆ ಎಂದುಕೊಂಡು ಬೂದಿ ಹಾಕಿ ಉಜ್ಜಲು ಹೋಗುತ್ತಾರೆ, ಅತ್ತೆಯರು ಓಡಿಬಂದು ಕೈ ಹಿಡಿಯುತ್ತಾರೆ. ಆ ಪೊರೆಯೇ ದೋಣಿಯ ಜೀವ. ಆದರೂ ವರ್ಷಗಟ್ಟಲೆ ತಾಗಿಕೊಂಡೇ ಇರುವ ನೀರು ಸುಮ್ಮನಿರುವುದಿಲ್ಲ. ಎಲ್ಲೋ ಒಂದು ಕಡೆ ಪೊರೆ ಹರಿದು ಎಳ್ಳಿನಷ್ಟು ಗುಳ್ಳೆ ಏಳುತ್ತದೆ. ಗುಳ್ಳೆಯೊಳಗೆ ನೆನೆದ ಸುಣ್ಣದಂಥ ಬಿಳಿ ಲೋಳೆ, ಅದರ ಕೆಳಗೊಂದು ಗುಳಿ. ಈ ಗುಳಿ ಅಗಲಕ್ಕೆ ಹರಡದೆ ಆಳಕ್ಕೇ ಇಳಿಯುತ್ತಾ ಹೋಗಿ ಒಂದು ದಿನ ಆಚೆ ಬದಿಗೆ ಬಂದುಬಿಡುತ್ತದೆ.

ಅದಕ್ಕಾಗಿ ನಾವು ನೀರಿಗೆ ಬೇರೆ ಊಟ ಇಡುತ್ತೇವೆ. ದೋಣಿಯ ತಳದ ನಡುವೆ ಒಂದು ಬೋಲ್ಟಿಗೆ ಮುಷ್ಟಿಗಾತ್ರದ ಬಿಳಿ ಲೋಹದ ಗಟ್ಟಿಯನ್ನು ಬಿಗಿದಿರುತ್ತೇವೆ. ಹೊರಗಿನಿಂದ ಬರುವ ಡಬ್ಬಿಯ ಮೇಲೆ ಮೆಗ್ನೀಸಿಯಂ ಎಂದು ಬರೆದಿರುತ್ತದೆ, ನಮ್ಮ ಬಾಯಲ್ಲಿ ಅದು ಎಡೆ. ಎಡೆ ಇರುವವರೆಗೆ ನೀರು ಅದನ್ನು ತಿಂದುಕೊಂಡು ದೋಣಿಯನ್ನು ಬಿಡುತ್ತದೆ. ಎಡೆ ಮುಗಿದರೆ ದೋಣಿಗೇ ಬಾಯಿ ಹಾಕುತ್ತದೆ. ಒಂದು ಎಡೆ ಎರಡು ವರ್ಷ ಬಾಳುತ್ತದೆ, ಅಷ್ಟರೊಳಗೆ ಸವೆದದ್ದನ್ನು ನಾನು ನೀರೊಳಗೇ ಬಿಚ್ಚಿ ಹೊಸದನ್ನು ಹಾಕಬೇಕು. ಇನ್ನೊಂದು ಭಯ ತಾಮ್ರದ್ದು. ದೋಣಿಯೊಳಗೆ, ಒದ್ದೆ ಚಾಪೆಯ ಕೆಳಗೆ, ಒಂದು ತಾಮ್ರದ ಉಂಗುರ ಬಿದ್ದುಹೋದರೂ ಸಾಕು, ಅದು ಕೂತಲ್ಲಿ ತಗಡು ಕರಗಿ ತೂತಾಗುತ್ತದೆ. ಕೆರೆಗಿಳಿಯುವ ಮೆಟ್ಟಿಲ ಹತ್ತಿರ ಗೋಡೆಯಲ್ಲಿ ಒಂದು ಗೂಡಿದೆ. ದೋಣಿ ಹತ್ತುವವರು ತಾಯತ, ಕಡಗ, ಚೊಂಬು, ತಾಮ್ರದ್ದೇನಿದ್ದರೂ ಅಲ್ಲಿಟ್ಟು ಹತ್ತಬೇಕು. ಬಚ್ಚಿಟ್ಟುಕೊಂಡು ಹತ್ತಿದವರನ್ನು ತಾಮ್ರದ ಮನೆಯವರು ಎನ್ನುತ್ತಾರೆ. ಆ ಹೆಸರು ಬಂದ ಮನೆಯ ದೋಣಿಗೆ ಆಮೇಲೆ ಯಾರೂ ಕಾಲಿಡುವುದಿಲ್ಲ.

ವರ್ಷಕ್ಕೊಮ್ಮೆ ಒಂದೊಂದು ದೋಣಿಯ ಪರೀಕ್ಷೆ. ನಮ್ಮ ನೀರು ಬೂದು, ತಳದ ಕೆಳಗೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ನಾಲ್ಕಾರು ಸಲ ಮುಳುಗೆದ್ದು, ಮೂತಿಯಿಂದ ಹಿಂಬದಿಯವರೆಗೆ ಬೆರಳಾಡಿಸಿ, ಮೆಟ್ಟಿಲ ಮೇಲೆ ಬಂದು ಕೂತು "ಗಟ್ಟಿ ಇದೆ" ಅನ್ನಬೇಕು. ಆಗ ದೋಣಿಯ ಮನೆಯವರು ಬಿಸಿನೀರು ತಂದು ನನ್ನ ಎರಡೂ ಕೈಗಳ ಮೇಲೆ ಹೊಯ್ಯುತ್ತಾರೆ. ಇದು ತಲೆತಲಾಂತರದ ಮರ್ಯಾದೆ. ಊರಿನ ಯಜಮಾನರಿಗೂ ಇಲ್ಲದ ಮರ್ಯಾದೆ ಈ ಕೈಗಳಿಗಿತ್ತು. ನನಗೆ ಅದರ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ. ಮದುವೆ ಮನೆಯಲ್ಲಿ ಕೂತರೆ ಕೈಗಳನ್ನು ನಾಲ್ಕು ಜನಕ್ಕೆ ಕಾಣುವಂತೆ ತೊಡೆಯ ಮೇಲೆ ಹರಡಿಕೊಂಡು ಕೂರುತ್ತಿದ್ದೆ.

ಆ ಕೈಗಳು ನನಗೆ ಕೈಕೊಟ್ಟು ಎರಡು ವರ್ಷವಾಗಿತ್ತು. ಮೊದಲು ಬೆರಳ ತುದಿ ಜುಮ್ಮೆನ್ನುತ್ತಿತ್ತು, ಆಮೇಲೆ ಜುಮ್ಮೆನ್ನುವುದೂ ನಿಂತಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಮಾತ್ರೆ ಕೊಟ್ಟರು, ಹೋದ ಸ್ಪರ್ಶ ವಾಪಸು ಬರುವುದು ಕಷ್ಟ ಎಂದರು. ಹೆಂಡತಿ ತಿಮ್ಮವ್ವನಿಗೆ ನಾನು ಏನನ್ನೂ ಹೇಳಲಿಲ್ಲ. ಅವಳು ಒಂದು ದಿನ ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಕಟ್ಟುವ ಲಾಡಿ ಹೊಲಿದಿಟ್ಟಳು. ಊರಿನ ಅರವತ್ತು ಚಿಲ್ಲರೆ ದೋಣಿಗಳ ತಳ ನನಗೆ ಬಾಯಿಪಾಠವಾಗಿತ್ತು. ಯಾವುದರ ಬೆಸುಗೆ ಎಲ್ಲಿ ಉಬ್ಬಿದೆ, ಯಾವುದರ ಎಡೆ ಯಾವ ತಿಂಗಳು ಹಾಕಿದ್ದು, ಎಲ್ಲ ಗೊತ್ತು. ಅಂದಾಜಿನ ಮೇಲೆ ಇನ್ನೊಂದೆರಡು ವರ್ಷ ತಳ್ಳಿದರೆ ಆಯಿತು, ಆಮೇಲೆ ಮಂಡಿನೋವು ಎಂದು ನೆಪ ಹೇಳಿ ಬಿಟ್ಟರಾಯಿತು, ಕೈ ಸತ್ತಿದೆ ಎಂದು ಮಾತ್ರ ಯಾರಿಗೂ ಗೊತ್ತಾಗಬಾರದು ಎಂದುಕೊಂಡೆ. ಅಂಗೈ ಕೆಂಚಪ್ಪನಿಗೆ ಅಂಗೈಯೇ ಇಲ್ಲ ಅಂದರೆ ಉಳಿಯುವುದೇನು?

ದೇವೀರಮ್ಮನದು ಹಾಲಿನ ದೋಣಿ. ನಮ್ಮ ದಡದ ಹದಿನೈದು ಮನೆಗಳ ಹಾಲನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಬೆಳಿಗ್ಗೆ ಆಚೆ ದಡದ ಡೈರಿಗೆ ಮುಟ್ಟಿಸುವುದು ಅವಳ ಕೆಲಸ. ದೋಣಿ ಅವಳ ತಾಯಿಯಿಂದ ಬಂದದ್ದು. ಗಂಡ ಆಚೆ ದಡದ ಹಿಟ್ಟಿನ ಗಿರಣಿಯಲ್ಲಿದ್ದ. ಮೂವತ್ತೈದು ದಾಟಿರದ ಹೆಂಗಸು, ಮಾತು ಕಡಿಮೆ, ನನ್ನನ್ನು ಮಾವ ಎಂದು ಕರೆಯುತ್ತಿದ್ದಳು. ಕಾರ್ತಿಕದಲ್ಲಿ ಅವಳ ದೋಣಿಯ ಪರೀಕ್ಷೆ ಬಂತು. ಎಡೆ ಬದಲಾಯಿಸಬೇಕಾದದ್ದು ಹಿಂದಿನ ವರ್ಷ, ಆ ಸಲ ನನ್ನ ಕೈಗೆ ಏನೋ ಗಟ್ಟಿಯಾದದ್ದು ತಾಗಿದಂತಾಗಿ, ಇನ್ನೂ ಇದೆ ಎಂದು ಬಿಟ್ಟಿದ್ದೆ. ಈ ಸಲವೂ ಕೈ ಚಾಚಿದೆ. ಏನೋ ಒಂದು ತಡೆಯಿತು. ಎಡೆಯೋ, ಬರೀ ಬೋಲ್ಟಿನ ತಲೆಯೋ ತಿಳಿಯಲಿಲ್ಲ. ಉಸಿರು ಮುಗಿಯುತ್ತಿತ್ತು. ಇನ್ನೊಮ್ಮೆ ಮುಳುಗಿ, ಮೊಣಕೈ ತಾಗಿಸಿ, ಕೆನ್ನೆ ತಾಗಿಸಿ ನೋಡಬಹುದಿತ್ತು. ಆದರೆ ದಡದಲ್ಲಿ ನಾಲ್ಕು ಜನ ನಿಂತಿದ್ದರು. ಕೆಂಚಪ್ಪ ಒಂದೇ ಜಾಗಕ್ಕೆ ಎರಡೆರಡು ಸಲ ಮುಳುಗಿ ಹುಡುಕುತ್ತಿದ್ದಾನೆ ಎಂದು ಅವರು ಅಂದುಕೊಂಡಾರು ಎನ್ನಿಸಿತು. ಮೇಲೆ ಬಂದು ಕೂತು "ಗಟ್ಟಿ ಇದೆ" ಎಂದೆ.

ದೇವೀರಮ್ಮ ತಪ್ಪಲೆಯಲ್ಲಿ ನೀರು ತಂದು ಹೊಯ್ದಳು. ಹೊಯ್ಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. "ಬಿಸಿ ಜಾಸ್ತಿ ಆಯ್ತೇನೋ ಮಾವ," ಅಂದಳು. ನನಗೆ ನೀರು ಬಿದ್ದದ್ದು ಕಾಣಿಸುತ್ತಿತ್ತು, ಅಷ್ಟೇ. "ಇಲ್ಲ, ಹದವಾಗಿದೆ, ಹೊಯ್ಯಿ," ಎಂದೆ. ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಉಳಿದ ನೀರನ್ನು ಮೆಟ್ಟಿಲ ಮೇಲೆ ಚೆಲ್ಲಿ ಸೆರಗಿನಿಂದ ತಪ್ಪಲೆ ಹಿಡಿದುಕೊಂಡು ಹೋದಳು. ಸಂಜೆಯ ಹೊತ್ತಿಗೆ ಎರಡೂ ಕೈಗಳಲ್ಲಿ ಬೊಬ್ಬೆ ಎದ್ದವು. ತಿಮ್ಮವ್ವ ಬೆಣ್ಣೆ ಸವರಿ ಬಟ್ಟೆ ಸುತ್ತಿದಳು. ಒಂದು ವಾರ ನಾನು ಮನೆಯಿಂದ ಹೊರಗೆ ಬರಲಿಲ್ಲ. ಕೇಳಿದವರಿಗೆ ಜ್ವರ ಎಂದು ಹೇಳಿಸಿದೆ.

ಮಾಘ ಕಳೆಯುವುದರೊಳಗೆ ದೋಣಿ ಸೋರಿತು. ಬೆಳಗಿನ ಹಾಲು ತುಂಬಿಕೊಂಡು ನಡುನೀರಿಗೆ ಹೋದವಳ ಕಾಲಡಿ ಚಾಪೆ ತೇಲತೊಡಗಿತಂತೆ. ಕ್ಯಾನುಗಳ ಹಾಲನ್ನು ಒಂದೊಂದಾಗಿ ಕೆರೆಗೆ ಸುರಿದು ದೋಣಿ ಹಗುರ ಮಾಡಿಕೊಂಡು, ಅದೇ ಕ್ಯಾನಿನಿಂದ ನೀರು ಮೊಗೆದು ಚೆಲ್ಲುತ್ತಾ ಹುಟ್ಟು ಹಾಕುತ್ತಾ ಅವಳು ದಡ ಸೇರಿದಳು. ಹಿಂದೆ ಬೂದು ನೀರಿನಲ್ಲಿ ಹಾಲಿನ ಒಂದು ಪಟ್ಟೆ ಬಹಳ ಹೊತ್ತು ಇತ್ತು, ಊರೆಲ್ಲ ಬಂದು ನೋಡಿತು. ತಳದಲ್ಲಿ ಮೂರು ತೂತು, ಒಂದೊಂದೂ ಸಾಸಿವೆಯಷ್ಟು. ಮೇಣ ತುರುಕಿ ಸದ್ಯಕ್ಕೆ ನಿಲ್ಲಿಸಿದರು. ಅದೇನು ದೊಡ್ಡ ರೋಗವಲ್ಲ. ಒಳಗಿನಿಂದ ರಬ್ಬರು ಕೊಟ್ಟು ತಗಡು ಬಿಗಿದು, ಕೆಳಗೆ ಹೊಸ ಎಡೆ ಹಾಕಿದರೆ ಇನ್ನೂ ಹತ್ತು ವರ್ಷ ಓಡುವ ದೋಣಿ.

ಆದರೆ ಊರಿಗೆ ಬೇಕಾದದ್ದು ತೂತು ಹೇಗಾಯಿತು ಎಂಬ ಉತ್ತರ. ಮೆಟ್ಟಿಲ ಕಟ್ಟೆಯ ಯಜಮಾನ ಶಾಂತಮಲ್ಲಪ್ಪ ಎಲ್ಲರನ್ನೂ ಸೇರಿಸಿದರು. ಕಾರ್ತಿಕದಲ್ಲಿ ಅಂಗೈ ಕೆಂಚಪ್ಪ ಗಟ್ಟಿ ಎಂದ ದೋಣಿ ಮಾಘದಲ್ಲಿ ತೂತಾಗಬೇಕಾದರೆ ಒಳಗೆ ತಾಮ್ರವೇ ಇರಬೇಕು ಎಂದು ಯಾರೋ ಅಂದರು. ಹಾಲಿನ ಕ್ಯಾನುಗಳ ನಡುವೆ ಅವಳು ತಾಮ್ರದ ಬಿಂದಿಗೆ ಸಾಗಿಸುತ್ತಿದ್ದಳು ಎಂದು ಇನ್ನೊಬ್ಬರು ಸೇರಿಸಿದರು. ಶಾಂತಮಲ್ಲಪ್ಪ ನನ್ನ ಕಡೆ ತಿರುಗಿ ಕೇಳಿದರು. "ಕೆಂಚಪ್ಪ, ನೀನು ಮುಳುಗಿದಾಗ ಎಡೆ ಇತ್ತೋ ಇಲ್ವೋ? ಅದೊಂದು ಹೇಳು, ಸಾಕು."

ಆಗಲೂ ನಾಲಿಗೆ ನನ್ನದೇ ಆಗಿತ್ತು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಅದಕ್ಕೆ ಪೆನ್ನು ಕಟ್ಟಿಕೊಂಡು ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. "ಇತ್ತು" ಎಂದೆ. ದೇವೀರಮ್ಮ ತಲೆ ತಗ್ಗಿಸಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಅವನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡೆ.

ಮಾರನೆಯ ದಿನದಿಂದ ಹದಿನೈದು ಮನೆಯವರೂ ಅವಳಿಗೆ ಹಾಲು ಕೊಡುವುದನ್ನು ನಿಲ್ಲಿಸಿದರು. ಅವಳು ಮೆಟ್ಟಿಲಿಗೆ ಬಂದರೆ ಹೆಂಗಸರು ಗೂಡಿನ ಕಡೆ ನೋಡಿ ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಳ್ಳುತ್ತಿದ್ದರು. ಗಿರಣಿಯಲ್ಲಿ ಅವಳ ಗಂಡನನ್ನು ಕೂಡ ತಾಮ್ರದ ಮನೆಯವ ಎಂದು ಕೂಗಿದರಂತೆ. ಎಂಟನೆಯ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ತಿಮ್ಮವ್ವ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಬೋರಲು ಹಾಕಿ, ದೋಣಿಯನ್ನು ಎತ್ತಿಸುತ್ತೇನೆ ಎಂದಳು.

ಎತ್ತಿದರೆ ದೋಣಿ ಹೋದಂತೆಯೇ ಎಂದೆ, ಅವಳಿಗೆ ಗೊತ್ತಿಲ್ಲದ ವಿಷಯ ಹೇಳುವವನಂತೆ. ಯಾರೂ ಹತ್ತದ ದೋಣಿ ನೀರಿನಲ್ಲಿದ್ದು ಏನು ಮಾಡಬೇಕು, ತಾಯಿಯ ಹೆಸರಾದರೂ ಉಳಿಯಲಿ ಎಂದಳು. ತಾಮ್ರದ ತೂತಾದರೆ ಒಳಗಡೆಯಿಂದ ತಿಂದಿರುತ್ತದೆ, ಸುತ್ತ ಹಸಿರು ಕಲೆ ಇರುತ್ತದೆ. ಒಳಗೆ ಕಲೆ ಇಲ್ಲವೆಂದರೆ ಉಜ್ಜಿ ತೆಗೆದಳು ಎನ್ನುತ್ತಾರೆ, ಅಂಗೈ ಹೇಳಿದ ಮೇಲೆ ಬೇರೆ ಯಾರು ಮುಳುಗಿ ಹೇಳಿದರೂ ಊರು ಒಪ್ಪುವುದಿಲ್ಲ. ಹೊರಗಿನಿಂದ ತಿಂದಿದ್ದರೆ ಎಲ್ಲರೂ ನೋಡಲಿ. ಆಮೇಲೆ ನೆಲ ನೋಡಿಕೊಂಡು ಕೇಳಿದಳು.

"ಮಾವ, ಎತ್ತೋಕೆ ಮುಂಚೆ ನಿಮ್ಮನ್ನೊಂದ್ಸಲ ಕೇಳ್ಕೊಂಡು ಹೋಗೋಣ ಅಂತ ಬಂದೆ. ಎಡೆ ಇತ್ತಾ?"

ತಿಮ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಅಂಗಿಯ ಲಾಡಿಗಳ ಮೇಲಿತ್ತು. ಒಂದು ಮಾತು ಸಾಕಿತ್ತು. ನನ್ನ ಕೈಗೆ ಗೊತ್ತಾಗುವುದಿಲ್ಲ ತಾಯಿ ಎಂದಿದ್ದರೆ ದೋಣಿ ನೀರಿನಲ್ಲೇ ಉಳಿಯುತ್ತಿತ್ತು, ತಗಡು ಬಿಗಿಯುತ್ತಿದ್ದೆವು, ನಾಡಿದ್ದು ಹಾಲು ಹೋಗುತ್ತಿತ್ತು. ಎಡೆ ನಿಜವಾಗಿ ಇದ್ದಿರಲೂಬಹುದು ಎಂದು ಅಷ್ಟು ಹೊತ್ತಿಗೆ ನಾನೇ ನಂಬತೊಡಗಿದ್ದೆ. ಹೆದರಿದವನ ಬುದ್ಧಿ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ನೋಡಿ. "ಇತ್ತು ಕಣಮ್ಮ," ಎಂದೆ. ಅವಳು "ಆಯ್ತು ಮಾವ" ಎಂದು ಎದ್ದುಹೋದಳು. ತಿಮ್ಮವ್ವ ಆ ದಿನ ನನಗೆ ಬಡಿಸಿಟ್ಟು ಹಿತ್ತಿಲಿಗೆ ಹೋದಳು.

ಎತ್ತುವ ದಿನ ಊರಿನ ಯಾವ ದೋಣಿಯೂ ಕದಲಲಿಲ್ಲ, ಸಾವಾದಾಗ ಮಾಡುವ ಹಾಗೆ. ಹದಿನಾರು ಜನ ಹಗ್ಗ ಹಿಡಿದರು. ನಾನೂ ಒಂದು ತುದಿ ಹಿಡಿದೆ, ಹಿಡಿದಿದ್ದೇನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ದೋಣಿ ಮೂತಿ ಎತ್ತಿತು, ನೀರು ಸುರಿಸುತ್ತಾ ಮೇಲಕ್ಕೆ ಬಂತು. ತಳ ನೀರಿನಿಂದ ಪೂರ್ತಿ ಬಿಟ್ಟುಕೊಂಡಾಗ ಒಂದು ಸಣ್ಣ ಸದ್ದಾಯಿತು. ದೇವೀರಮ್ಮ ಕಣ್ಣು ಮುಚ್ಚಿದ್ದು ಆ ಒಂದು ಕ್ಷಣ ಮಾತ್ರ. ಮೆಟ್ಟಿಲ ಮೇಲೆ ಅದನ್ನು ಬೋರಲು ಹಾಕಿದರು.

ಬೋರಲು ಹಾಕುವ ಮುಂಚೆ ಒಳಗೂ ನೋಡಿದ್ದರು, ಹಸಿರು ಕಲೆ ಎಲ್ಲಿಯೂ ಇರಲಿಲ್ಲ. ತಳದ ತುಂಬಾ ಬಿಳಿ ಗುಳ್ಳೆಗಳು, ಸಿಡುಬು ಬಂದ ಮೈಯ ಹಾಗೆ. ನಡುವೆ, ಎಡೆ ಇರಬೇಕಾದ ಜಾಗದಲ್ಲಿ, ಬೋಲ್ಟು ಒಂದೇ ನಿಂತಿತ್ತು. ಅದರ ತಲೆ ತುಕ್ಕು ಹಿಡಿದು ಉಬ್ಬಿತ್ತು, ಸುತ್ತ ಒಂದು ವರ್ಷಕ್ಕೂ ಹಳೆಯ ಪಾಚಿ ಗಟ್ಟಿಯಾಗಿ ಕೂತಿತ್ತು. ಮೂರು ತಿಂಗಳಲ್ಲಿ ಹಾಗಾಗುವುದಿಲ್ಲ ಎಂದು ಅಲ್ಲಿದ್ದ ಕೂಸುಗಳಿಗೂ ಗೊತ್ತು. ಶಾಂತಮಲ್ಲಪ್ಪ ಬಗ್ಗಿ ಆ ಬೋಲ್ಟನ್ನು ಬೆರಳಿನಿಂದ ಮುಟ್ಟಿದರು, ಮತ್ತೊಮ್ಮೆ ಮುಟ್ಟಿದರು. ಆಮೇಲೆ ನನ್ನ ಕಡೆ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಎಲ್ಲರೂ ನನ್ನ ಕೈಗಳನ್ನು ನೋಡುತ್ತಿದ್ದರು. ಆಗ ಹೇಳಿದೆ. ಎರಡು ವರ್ಷದಿಂದ ಕೈಯಲ್ಲಿ ಸ್ಪರ್ಶ ಇಲ್ಲ, ಎಲ್ಲರ ದೋಣಿಯನ್ನೂ ಅಂದಾಜಿನಲ್ಲಿ ಗಟ್ಟಿ ಎಂದಿದ್ದೇನೆ ಎಂದು ಹೇಳಿದೆ. ನೀರು ಬಿಟ್ಟ ದೋಣಿಯ ಮುಂದೆ ನಿಂತು ಹೇಳಿದ ನಿಜ ಅದು. ಯಾರಿಗೂ ಅದರಿಂದ ಉಪಯೋಗವಿರಲಿಲ್ಲ.

ಜನ ಚದುರಿದ ಮೇಲೆ ದೇವೀರಮ್ಮ ನನ್ನ ಹತ್ತಿರ ಬಂದು ನಿಂತಳು.

"ಆವತ್ತು ನೀರು ಕುದೀತಿತ್ತು ಮಾವ," ಅಂದಳು. "ಒಲೆಯಿಂದ ಇಳಿಸಿ ಹಾಗೇ ತಂದ್ಬಿಟ್ಟಿದ್ದೆ. ತಪ್ಪಲೆ ಸುತ್ತ ಸೆರಗು ಸುತ್ಕೊಂಡಿದ್ರೂ ನನ್ನ ಕೈ ಸುಡ್ತಿತ್ತು. ನೀವು ಹದವಾಗಿದೆ ಅಂದ್ರಿ."

ಹಾಗಾದರೆ ಕಟ್ಟೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳುವ ಮುಂಚೆ ಅವಳೇ ಹೇಳಿದಳು.

"ನಿಮ್ಮ ಮಾತಿನ ಎದುರಿಗೆ ನನ್ನ ಮಾತು ನಿಲ್ತಿತ್ತಾ? ಅದೂ ಅಲ್ದೆ, ನೀವೇ ಹೇಳ್ತೀರ ಅಂತ ಇದ್ದೆ. ಕಟ್ಟೇಲಿ ಕಾದೆ. ನಿಮ್ಮನೇಗೂ ಬಂದು ಕಾದೆ."

ನನ್ನ ತಂದೆ ಸತ್ತಾಗ ನಾನು ಅಳಲಿಲ್ಲ. ಅಲ್ಲಿ, ಆ ಹೆಂಗಸಿನ ಮುಂದೆ, ಎರಡು ಸತ್ತ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತೆ. ಮುಖಕ್ಕೆ ಕೈ ತಾಗಿದ್ದು ಗೊತ್ತಾಯಿತು, ಕೈಗೆ ಮುಖ ತಾಗಿದ್ದು ಗೊತ್ತಾಗಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ, ಬಿಟ್ಟೂ ಹೋಗಲಿಲ್ಲ. ಅಳು ನಿಂತ ಮೇಲೆ ಕೇಳಿದಳು, ಮಿಕ್ಕ ದೋಣಿಗಳನ್ನು ಯಾರು ನೋಡುವವರು ಎಂದು.

ಈಗ ನೋಡುವವಳು ಅವಳೇ. ಹಾಲಿನ ದೋಣಿ ಹೋದ ಮೇಲೆ ಅವಳಿಗೂ ಒಂದು ಕೆಲಸ ಬೇಕಿತ್ತು, ಊರಿಗೆ ಒಂದು ಅಂಗೈ ಬೇಕಿತ್ತು. ಗುಳ್ಳೆ ಹೇಗಿರುತ್ತದೆ, ಗುಳಿಯ ಬಾಯಿ ಹೇಗಿರುತ್ತದೆ, ಎಡೆ ಎಷ್ಟು ಸವೆದರೆ ಬದಲಿಸಬೇಕು, ಎಲ್ಲವನ್ನೂ ನಾನು ಮೆಟ್ಟಿಲ ಮೇಲೆ ಕೂತು ಬಾಯಲ್ಲಿ ಹೇಳಿಕೊಟ್ಟೆ. ಮೊದಲ ತಿಂಗಳಲ್ಲೇ ಎಡೆಯಿಲ್ಲದ ದೋಣಿಗಳು ಇನ್ನೆರಡು ಸಿಕ್ಕವು. ಎರಡನ್ನೂ ನಾನೇ ಗಟ್ಟಿ ಎಂದಿದ್ದೆ. ಒಂದು ಶಾಂತಮಲ್ಲಪ್ಪನವರದು, ಮೊಮ್ಮಕ್ಕಳನ್ನು ಕೂರಿಸಿಕೊಂಡು ದಿನವೂ ಆಚೆ ದಡಕ್ಕೆ ಹೋಗಿಬರುತ್ತಿದ್ದ ದೋಣಿ.

ಅವಳ ಹಾಲಿನ ದೋಣಿಯನ್ನು ಮೆಟ್ಟಿಲ ಪಕ್ಕ ನಾಲ್ಕು ಕಂಬ ನಿಲ್ಲಿಸಿ ಸೂರು ಮಾಡಿದ್ದಾರೆ. ಕೆಳಗೆ ಒಲೆ. ಅಲ್ಲಿ ಕೂತು ಬಿಸಿನೀರು ಕಾಯಿಸುವುದು ನನ್ನ ಕೆಲಸ. ಊರು ಹೇಳಿದ್ದಲ್ಲ, ನಾನೇ ಕೇಳಿ ತೆಗೆದುಕೊಂಡದ್ದು. ಬಿಸಿಲು ನೆತ್ತಿಗೆ ಬಂದಾಗ ಆ ಮೂರು ತೂತುಗಳಿಂದ ಮೂರು ಚುಕ್ಕೆ ಬೆಳಕು ನನ್ನ ಮಡಿಲಿನಲ್ಲಿರುವ ಕೈಗಳ ಮೇಲೆ ಬೀಳುತ್ತದೆ. ಕಾಣುತ್ತದೆ, ತಿಳಿಯುವುದಿಲ್ಲ. ಬಸ್ಸಿಗೆ ಹೋಗುವವರು ಒಂದು ಗಳಿಗೆ ನಿಂತು ಸೂರಿನ ಮೇಲಿನ ಆ ಬೋಲ್ಟನ್ನು ನೋಡಿ ಮುಂದೆ ಹೋಗುತ್ತಾರೆ. ಅದನ್ನು ಬಿಚ್ಚಿ ತೆಗೆಯಿರಿ ಎಂದು ಕೇಳುವ ಮುಖ ನನಗಿಲ್ಲ.

ಮೊನ್ನೆ ಅವಳು ಪುಟ್ಟಕ್ಕನ ದೋಣಿ ನೋಡಿ ಮೇಲೆ ಬಂದಳು. ಮೂರು ಸಲ ಮುಳುಗಿದ್ದಳು. ಒಂದು ಕಡೆ ಸರಿಯಾಗಿ ಗೊತ್ತಾಗುತ್ತಿಲ್ಲ ಎಂದು ದಡದವರಿಗೆಲ್ಲ ಕೇಳುವಂತೆ ಹೇಳಿ ನಾಲ್ಕನೆಯ ಸಲವೂ ಮುಳುಗಿದಳು. ಆಮೇಲೆ ಬಂದು ಕೂತು ಗಟ್ಟಿ ಇದೆ ಎಂದಳು. ಪುಟ್ಟಕ್ಕ ಹೋಟೆಲು ಬಿಟ್ಟು ಬಂದಿರಲಿಲ್ಲ, ನಾನೇ ತಪ್ಪಲೆ ಎತ್ತಿದೆ. ಕೂಸಿನ ನೀರು ನೋಡುವ ಹಾಗೆ ಮೊಣಕೈ ಅದ್ದಿ ನೋಡಿದ್ದೆ, ಆದರೂ ಧೈರ್ಯವಿರಲಿಲ್ಲ. ಮೊದಲ ಧಾರೆ ಬಿದ್ದ ಕೂಡಲೇ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಬಿಸಿ ಜಾಸ್ತಿ ಆಯ್ತು ಮಾವ. ತಣ್ಣೀರು ಬೆರೆಸಿ."

ಎಷ್ಟು ಸುಲಭವಾಗಿ ಅಂದಳು. ನಾನು ಎದ್ದು ಹೋಗಿ ಕೆರೆಯಿಂದ ಒಂದು ಚೊಂಬು ನೀರು ತಂದು ಬೆರೆಸಿ, ಈಗ ಹೇಗಿದೆ ಎಂದು ಅವಳನ್ನೇ ಕೇಳಿದೆ.